ಬಾಯಿ ಮುಚ್ಚದ ಗಂಟೆ

ಹೋದ ವಾರ ಬಬಲೇಶ್ವರದ ಬಸ್ ನಿಲ್ದಾಣದ ಎದುರು ಹೊಸ ಝೆರಾಕ್ಸ್ ಅಂಗಡಿಯೊಂದರ ಉದ್ಘಾಟನೆಗೆ ಹೋಗಿದ್ದೆ. ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಹಾರ ಹಾಕಿ, ಅದು ಕೂತ ಮೇಜಿನ ಮೂಲೆಗೇ ಟಪ್ಪೆಂದು ಕಾಯಿ ಒಡೆದರು. ಕಾಯಿನೀರು, ಊದುಬತ್ತಿಯ ಹೊಗೆ, ಬಿಸಿಯಾದ ಯಂತ್ರ... ಈ ಮೂರೂ ಕೂಡಿದ ವಾಸನೆ ಮೂಗಿಗೆ ತಾಗಿದ್ದೇ ತಡ, ಸಭಾಮರ್ಯಾದೆ ಮರೆತು ಯಂತ್ರದ ಮುಂದೆ ಎರಡೂ ಕೈ ಅಡ್ಡ ಹಿಡಿದು ನಿಂತುಬಿಟ್ಟೆ. ಮುದುಕನಿಗೆ ಭಕ್ತಿ ಉಕ್ಕಿತೆಂದು ತಿಳಿದು ನನಗೆ ಎರಡು ಪಾಲು ಪ್ರಸಾದ ಕೊಟ್ಟರು. ಉಕ್ಕಿದ್ದು ಭಕ್ತಿಯಲ್ಲ, ನಮ್ಮ ಸರ್ ಅವರ ನೆನಪು.

ಎಪ್ಪತ್ತರ ದಶಕದ ನಡುವಿನ, ತುರ್ತುಪರಿಸ್ಥಿತಿಯ ದಿನಗಳ ಮಾತು. ಬಾಯಿಗೆ ಬಿಡುವು ಕೊಟ್ಟು ಕೈಗೆ ಕೆಲಸ ಕೊಡಿರೆಂದು ಸರಕಾರ ಬಸ್ಸುಗಳ ಬೆನ್ನ ಮೇಲೆಲ್ಲ ಬರೆಸುತ್ತಿದ್ದ ಕಾಲ. ನಾನು ನಿಡೋಣಿಯಿಂದ, ಸರ್ ತಿಕೋಟಾದಿಂದ, ಅಂಥ ಬಸ್ಸುಗಳಲ್ಲೇ ವಿಜಾಪುರದ ಕಾಲೇಜಿಗೆ ಬರುತ್ತಿದ್ದೆವು. ನಾನು ಕಲಿಯಲು, ಅವರು ಭೌತಶಾಸ್ತ್ರ ಕಲಿಸಲು. ನಮ್ಮಲ್ಲಿ ಕಂಪ್ಯೂಟರ್ ಕಂಡವರೇ ಇರಲಿಲ್ಲ. ಸರ್ ಪುಣೆಯ ಗುಜರಿ ಬಜಾರದಿಂದ ಅದರ ಒಂದು ಅಂಗವನ್ನಷ್ಟೇ ತಂದರು: ನೆನಪು. ಅಂಗೈಯಗಲದ ಚೌಕಟ್ಟು, ಕೂದಲಿನಂಥ ತಂತಿಗಳ ಬಲೆ, ತಂತಿಗೆ ತಂತಿ ಕೂಡುವಲ್ಲೆಲ್ಲ ಸಾಸಿವೆ ಕಾಳಿನಷ್ಟು ಕರಿಯ ಬಳೆ. ಒಂದೊಂದು ಬಳೆಯೂ ಒಂದು ‘ಹೌದು’ ಇಲ್ಲವೆ ಒಂದು ‘ಅಲ್ಲ’ವನ್ನು ನೆನಪಿಡುತ್ತಿತ್ತು. ತಲೆಯಿಲ್ಲ, ಬರೀ ನೆನಪು. ಹಳೆಯ ಸೇಡುಗಳನ್ನಷ್ಟೇ ಮರೆಯದ ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಹಾಗೆ.

ಆ ನೆನಪಿಗೆ ಸರ್ ತಾವೇ ಜೋಡಿಸಿದ ಯಂತ್ರವೊಂದನ್ನು ಕಾವಲು ಕೂಡಿಸಿದರು. ಪ್ರತಿ ಸಾಲಿನಲ್ಲೂ ಹೌದುಗಳ ಸಂಖ್ಯೆ ಸಮ ಇರಬೇಕು. ಬೆಸವಾದರೆ ಸಾಲಿನ ತುದಿಗೆ ಕಾದಿಟ್ಟ ಬಳೆಯೊಂದು ತಾನೂ ಹೌದೆಂದು ಸಮ ಮಾಡಬೇಕು. ಅಡ್ಡಸಾಲಿಗೂ ಇದೇ ಕಟ್ಟಳೆ, ಉದ್ದಸಾಲಿಗೂ ಇದೇ. ಎಲ್ಲೋ ಒಂದು ಬಳೆ ಮರೆತರೆ ಅಡ್ಡಸಾಲೊಂದು, ಉದ್ದಸಾಲೊಂದು ಲೆಕ್ಕ ತಪ್ಪುತ್ತವೆ. ಅವೆರಡೂ ಕೂಡುವಲ್ಲಿ ಕಳ್ಳ ಇರುತ್ತಾನೆ. ಯಂತ್ರ ಆ ಕಳ್ಳನ ಮಾತನ್ನು ತಿರುವಿ ಹಾಕಿ ಸರಿಯುತ್ತರ ಕೊಡುತ್ತಿತ್ತು, ಜೊತೆಗೆ ಆ ಬಳೆ ನೆಟ್ಟಗಾಗುವವರೆಗೂ ಒಂದು ಗಂಟೆ ಬಾರಿಸುತ್ತಿತ್ತು.

ಆಡಳಿತ ಮಂಡಳಿಯ ಚೇರ್ಮನ್ನರು ಬಂದು ನೋಡಿ ಒಪ್ಪಿದರೆ ಇದಕ್ಕೊಂದು ಕೋಣೆ. ಒಪ್ಪದಿದ್ದರೆ ಅದೇ ಕೋಣೆ ಸೈಕಲ್ ಸ್ಟ್ಯಾಂಡು. ವಿಜಾಪುರದಲ್ಲಿ ಗಣಕವಿದ್ಯೆಯ ಭವಿಷ್ಯ ಸೈಕಲ್ಲುಗಳೊಂದಿಗೆ ಸ್ಪರ್ಧೆಗಿಳಿದಿತ್ತು. ಬಂದವರೇ ಅವರು ಕಾಯಿ ಒಡೆಯಲು ಸಿಪಾಯಿಗೆ ಹೇಳಿದರು.

“ಹೊರಗ ಒಡಸ್ರಿ ಸಾಹೇಬ್ರ, ಒಳಗ ಬ್ಯಾಡ್ರಿ,” ಎಂದು ಸರ್ ಬೇಡಿಕೊಂಡರು.

“ಹೊರಗ ಒಡದ್ರ ಪುಣ್ಯೆ ಬೀದಿಗಿ ಹೋಗ್ತದಲ್ಲೋ ಯಪ್ಪಾ.”

ಸಿಪಾಯಿ ಮೇಜಿನ ಮೂಲೆಗೇ ಒಡೆದ. ಕರಟದ ಚೂರೊಂದು ಹಾರಿ ಚೌಕಟ್ಟಿಗೆ ಬಡಿಯಿತು. ಒಂದು ಬಳೆ ಸೀಳಿತು. ಅದನ್ನು ಯಾರೂ ಕಾಣಲಿಲ್ಲ, ಗಂಟೆಯ ಹೊರತು.

ಸರ್ ಒಂದು ಸಂಖ್ಯೆಯನ್ನು ಒಳಗಿಟ್ಟು, ಮರಳಿ ಕೇಳಿದರು. ಯಂತ್ರದ ಮುಂದಿನ ಪುಟ್ಟ ದೀಪಗಳು ಅದೇ ಸಂಖ್ಯೆ ತೋರಿಸಿದವು. ಗಂಟೆಯೂ ಶುರುವಾಯಿತು. ಸಭೆಗೆ ಸಭೆಯೇ ಎದ್ದು ಕೈಮುಗಿಯಿತು. ಯಾರೋ ಆರತಿ ಎತ್ತಿಯೂಬಿಟ್ಟರು. ಆರತಿ ಮುಗಿದರೂ ಗಂಟೆ ಮುಗಿಯಲಿಲ್ಲ. ಪರಮ ಭಕ್ತರೂ ಒಬ್ಬೊಬ್ಬರಾಗಿ ಕೈ ಇಳಿಸಿದರು.

“ಯಾಕ ಹಿಂಗ ಬಡಕೊಳ್ಳಾಕತ್ತದ ಇದು?” ಎಂದರು ಚೇರ್ಮನ್ನರು.

“ಒಂದು ಬಳಿ ಒಡದದ್ರಿ. ತಪ್ಪಾಗಿತ್ತು, ಸರಿ ಮಾಡಿಕೊಂಡೇನಿ ಅಂತ ಹೇಳಾಕತ್ತದ.”

“ಉತ್ತರ ಸರಿ ಅದ ಇಲ್ಲೋ?”

“ಸರಿ ಅದರಿ.”

“ಮತ್ತ ಊರಿಗೆಲ್ಲ ಯಾಕ ಸಾರಬೇಕು? ಆ ಗಂಟಿ ವಾಯರ್ ಕೀಳು. ಫೋಟೋ ತಗಸೂಣು. ಖೋಲಿ ನಿಂದ.”

“ಕಿತ್ರ ನಾಳಿ ಇನ್ನೊಂದು ಒಡದದ್ದು ಗೊತ್ತಾಗೂದಿಲ್ರಿ. ಒಂದು ತಪ್ಪಿದ್ರ ಇದು ಹುಡುಕತದ. ಎರಡಾದ್ರ ಯಾವುದು ಖರೇ, ಯಾವುದು ಸುಳ್ಳ, ಇದಕ್ಕೂ ತಿಳಿಯೂದಿಲ್ಲ.”

“ಕೀಳು ಅಂದೆ!”

ಸರ್ ಸ್ಕ್ರೂಡ್ರೈವರನ್ನು ಕಿಸೆಗೆ ಹಾಕಿಕೊಂಡು ಅದರ ಗುಂಡಿ ಹಾಕಿದರು. “ಸುಮ್ಮ ಕೂಡು ಅಂತ ಮನಷ್ಯಾರಿಗಿ ಹೇಳ್ರಿ ಸಾಹೇಬ್ರ, ಕೇಳತಾರ. ಇದಕ್ಕ ನಾ ಹಂಗ ಕಲಿಸಿಲ್ಲ.”

ಚೇರ್ಮನ್ನರು ತಮ್ಮ ಭಾಷಣವನ್ನು ಗಂಟೆಯ ಸದ್ದಿನಲ್ಲೇ ಮಾಡಿದರು. ವಿಷಯ, ಶಿಸ್ತು.

ಕೋಣೆಗೆ ಸೈಕಲ್ಲುಗಳು ಬಂದವು. ಚೌಕಟ್ಟು ಸರ್ ಅವರ ಕೈಚೀಲದಲ್ಲಿ ತಿಕೋಟಾಕ್ಕೆ ಮರಳಿತು. ಅವರು ಕ್ಷಮೆಯನ್ನೂ ಕೇಳಲಿಲ್ಲ, ಪಾಠವನ್ನೂ ಬಿಡಲಿಲ್ಲ. ಸಂಜೆ ಮೈದಾನದ ಬೇವಿನ ಗಿಡದ ಕೆಳಗೆ ನಮ್ಮನ್ನೇ ಸಾಲು ಸಾಲಾಗಿ ಕೂಡಿಸಿದರು. ಎದ್ದವನು ಹೌದು, ಕೂತವನು ಅಲ್ಲ. ಅವರು ಬೆನ್ನು ತಿರುವಿದಾಗ ಒಬ್ಬ ಮೆಲ್ಲಗೆ ಏಳಬೇಕು, ಇಲ್ಲವೆ ಕೂಡಬೇಕು. ಅವರು ತಿರುಗಿ, ಅಡ್ಡ ಉದ್ದ ಎಣಿಸಿ, ಅವನನ್ನೇ ಬೆರಳು ಮಾಡಿ ತೋರಿಸುತ್ತಿದ್ದರು. ಕಳ್ಳ ಸಿಕ್ಕೊಡನೆ ಗಂಟೆಯ ಕೆಲಸ ನಮ್ಮದು: ಎಲ್ಲರೂ ಕೂಡಿ ಠಣಠಣ ಎಂದು ಕಿರುಚಬೇಕು. ಚೇರ್ಮನ್ನರ ಕಾರು ಗೇಟಿನಲ್ಲಿ ಕಂಡ ಸಂಜೆಗಳಲ್ಲಿ ತಪ್ಪುಗಳು ತುಸು ಹೆಚ್ಚೇ ಆಗುತ್ತಿದ್ದವು. ಸರ್ ಆಗ ಬೇವಿನ ಗಿಡವನ್ನು ಬಹಳ ಗಂಭೀರವಾಗಿ ಪರೀಕ್ಷಿಸುತ್ತಿದ್ದರು...

ಝೆರಾಕ್ಸ್ ಅಂಗಡಿಯಿಂದ ಮನೆಗೆ ಬಂದವನೇ ಕಾಖಂಡಕಿಯ ಗೆಳೆಯನಿಗೆ ಫೋನ್ ಮಾಡಿದೆ. ಆ ಸಾಲಿನಲ್ಲಿ ನನ್ನ ಮಗ್ಗುಲಿಗೇ ಎದ್ದು ಕೂತವನು.

“ಸರ್ ಚಸ್ಮಾ ಹಾಕತಿದ್ರಲ್ಲೋ?” ಎಂದೆ.

“ಯಾವ ಚಸ್ಮಾ? ಕಣ್ಣು ಹೋಗಿದ್ದು ನಿನ್ನವು, ಅವರಿಗ್ಯಾಕ ಚಸ್ಮಾ ಏರಸತಿ ಲೇ?”

ನನಗೆ ಅವರ ಕನ್ನಡಕ ಕಣ್ಣಿಗೆ ಕಟ್ಟಿದಂತಿದೆ. ಅವನಿಗೆ ಅವರ ಬರಿಗಣ್ಣುಗಳು ಕಣ್ಣಿಗೆ ಕಟ್ಟಿದಂತಿವೆ. ಇಬ್ಬರಲ್ಲಿ ಒಬ್ಬನ ಬಳೆ ಸೀಳಿದೆ. ಯಾರದೆಂದು ಬೆರಳು ಮಾಡಿ ತೋರಿಸಬೇಕಾದವರು ತಿಕೋಟಾದ ಮಣ್ಣಿನಲ್ಲಿದ್ದಾರೆ. ಇಂಥ ಜಗಳ ಹಚ್ಚಿಕೊಂಡು ಅವರ ಬಳಿಗೇ ಓಡುವ ಚಾಳಿ ಮಾತ್ರ ಇನ್ನೂ ಹೋಗಿಲ್ಲ... ಎದ್ದು ಚಪ್ಪಲಿ ಮೆಟ್ಟಿದ ಮೇಲೆ ಅವರಿಲ್ಲವೆಂಬುದು ಹೊಳೆಯುತ್ತದೆ.

ಆದ್ದರಿಂದ ನಮ್ಮ ಸರ್ ಅವರ ಮುಖ ನನಗೆ ಖಚಿತವಿಲ್ಲವೆಂದು ಇಲ್ಲಿ ಎಲ್ಲರೆದುರು ಸಾರುತ್ತಿದ್ದೇನೆ. ಈ ಸಾಲು ತೆಗೆದರೆ ಲೇಖನ ಚಂದ ಕಾಣುತ್ತದೆಂದು ಬುದ್ಧಿವಂತರು ಯಾರಾದರೂ ಹೇಳಬಹುದು. ತೆಗೆಯುವುದಿಲ್ಲ.