ಒಳಗಿನ ಚೀಟಿ

ಸಿಕಂದರಾಬಾದಿನ ನಮ್ಮ ಇಂಟರ್ನೆಟ್ ಕಂಪನಿಯಲ್ಲಿ ರಾಯಚೂರಿನ ಕಡೆಯ ಹಿರಿಯ ಎಂಜಿನಿಯರೊಬ್ಬರಿದ್ದರು. ಸದಾ ದಣಿದ ಮುಖ. ನಡುದಾರಿಯಲ್ಲಿ ಮಾಹಿತಿ ದಾಟಿಸುವ ಹಳೆಯ ರೂಟರುಗಳಿಗೆ ಐಪಿವಿ6 ಎಂಬ ಹೊಸ ವಿಳಾಸಪದ್ಧತಿ ಗೊತ್ತಿರಲಿಲ್ಲ. ಮಾಹಿತಿಯ ಒಂದೊಂದು ತುಣುಕನ್ನು, ಅಂದರೆ ಪ್ಯಾಕೆಟ್ಟನ್ನು, ಅದರ ಮೇಲೆ ಅಂಟಿಸಿದ ಲೇಬಲ್ ನೋಡಿಯಷ್ಟೇ ದಾಟಿಸುತ್ತಿದ್ದವು. ಕೊನೆಯ ನಿಲ್ದಾಣಕ್ಕಿಂತ ಮೊದಲೇ ಆ ಲೇಬಲ್ ಕಳಚಿದರೆ ಪ್ಯಾಕೆಟ್ಟು ಅಲ್ಲೇ ಬಿದ್ದುಹೋಗುತ್ತಿತ್ತು.

“ಎರಡು ಲೇಬಲ್ ಹಚ್ರಿ. ಮ್ಯಾಲಿಂದು ಹೋದ್ರೂ ಒಳಗಿಂದು ಮುಟ್ಟಸ್ತೈತಿ,” ಎಂದು ಕಣ್ಣುಜ್ಜುತ್ತ, ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ ನನಗೆ ಹೇಳುತ್ತಿದ್ದರು.

ಒಂದು ಸಂಜೆ ಶುಗರ್ ಇಳಿದು ನಾಂಪಲ್ಲಿ ಸ್ಟೇಷನ್ನಿನಲ್ಲಿ ಕುಸಿದರು. ಗುರುತಿನ ಚೀಟಿಯಿದ್ದ ಬ್ಯಾಗನ್ನು ಯಾರೋ ಎತ್ತಿಕೊಂಡು ಹೋಗಿದ್ದರು. ಅಂಗಿಯ ಒಳಗೆ ಹೊಲಿದಿದ್ದ ಬಟ್ಟೆಚೂರಿನಲ್ಲಿ ಒಂದು ಫೋನ್ ನಂಬರಿತ್ತು. ಅದು ಮನೆಯದಲ್ಲ, ನನ್ನದು. ಪೊಲೀಸರ ಕರೆ ಬಂದು ನಾನು ಓಡಿದೆ.

ಆಸ್ಪತ್ರೆಯಲ್ಲಿ ಕಣ್ಣು ತೆರೆದವರು, “ಯಾವ ಚೀಟಿ ಸಿಕ್ತ್ರಿ?” ಎಂದರು.

“ಒಳಗಿಂದು, ಸರ್.”

“ಹೂಂ,” ಎಂದು ಗೋಡೆಯ ಕಡೆ ಹೊರಳಿದರು.