ಪೈಪಿಗೆ ಕಿವಿ ಕೊಟ್ಟವರು

ಮಣ್ಣಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಕೇಳಿಯೇ ಹೇಳುವ ನೀರಿನ ಕಚೇರಿಯ ನೌಕರರೊಬ್ಬರಿಗೆ ಬೀದಿಯವರಿಟ್ಟ ಹೆಸರು ಕಿವಿಮಾವ. ಬರ ಬಂದರೂ ಊರು ತಾಳಿಕೊಳ್ಳಬೇಕಾದರೆ ಹನಿಯೂ ಪೋಲಾಗಬಾರದೆಂಬ ಚಿಂತೆ ಅವರನ್ನು ಕೂತಲ್ಲಿ ಕೂರಲು ಬಿಡುವುದಿಲ್ಲ. ಕಬ್ಬಿಣದ ಸರಳಿನ ಒಂದು ತುದಿಯನ್ನು ರಸ್ತೆಗೂ ಇನ್ನೊಂದನ್ನು ಕಿವಿಗೂ ಆನಿಸಿ, "ಶ್, ಯಾರೂ ಉಸಿರಾಡ್ಬೇಡಿ!" ಎಂದು ಬಸ್ಸನ್ನೇ ಗದರಿಸುತ್ತಾರೆ. ಬೀಗರ ಮನೆಗೆ ಹೋದರೂ ಮೊದಲು ಕ್ಷೇಮ ವಿಚಾರಿಸುವುದು ನಲ್ಲಿಯದ್ದು. ಹೆಂಡತಿ ಕೂಗಿದ್ದು ಮಾತ್ರ ಆ ಕಿವಿಗೆ ಬೀಳುವುದಿಲ್ಲ. ಈ ಸಲ ಮಳೆ ಕೈಕೊಟ್ಟು ಜಲಾಶಯದ ತಳ ಕಂಡಿದೆ. ಮೊನ್ನೆ ದೊಡ್ಡ ಪೈಪಿನ ಮೇಲೆ ಸರಳೂರಿ ಕೂತವರು ಗಂಟೆಯಾದರೂ ಏಳಲಿಲ್ಲ; ಒಳಗೆ ನೀರು ಹರಿಯುವ ಸದ್ದೇ ಇಲ್ಲ. "ಎಲ್ಲೂ ಸೋರ್ತಿಲ್ವಲ್ಲ ಮಾವ, ಇನ್ನೇನು ಚಿಂತೆ?" ಎಂದಳು ತರಕಾರಿಯವಳು. "ಸೋರ್ಲಿ ತಾಯಿ," ಎಂದರು ಕಿವಿ ಎತ್ತದೆ, "ಎಲ್ಲಾದ್ರೂ ಒಂದು ಹನಿ ಸೋರ್ಲಿ."