ಗಡಿಯಲ್ಲಿ ಸುಟ್ಟ ಕಂಬಳಿ

ಬೂತಪ್ಪನ ಮುಖದ ತುಂಬ ಸಿಡುಬಿನ ಕುಳಿಗಳಿದ್ದವು. ಅವನು ಐದು ವರ್ಷದವನಿದ್ದಾಗ ದೇವಿ ಹಾಕುವ, ಅಂದರೆ ಸಿಡುಬು ಬಾರದಂತೆ ತೋಳಿಗೆ ಲಸಿಕೆ ಚುಚ್ಚುವ, ಸರ್ಕಾರಿ ನೌಕರ ಊರಿಗೆ ಬಂದನೆಂದು ತಾಯಿ ಅವನನ್ನು ಸೌದೆ ರಾಶಿಯ ಹಿಂದೆ ಅಡಗಿಸಿದ್ದಳು. ಅದೇ ಬೇಸಿಗೆಯಲ್ಲಿ ಸಿಡುಬು ಬಂತು. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ದೊಡ್ಡವನಾದ ಮೇಲೆ ಮಾರಿಯನ್ನು ಗಡಿ ದಾಟಿಸುವ ಕುಕ್ಕೆಯನ್ನು ಊರಿನವರು ಅವನ ತಲೆಗೇ ಹೊರಿಸಿದರು.

ನರಸಿಂಹರಾಜಪುರದಿಂದ ಆರು ಮೈಲಿ ಆಚೆ, ಒಂದೇ ಹಳ್ಳದ ಎರಡು ದಡಗಳಲ್ಲಿ ಮೇಲಿನೂರು, ಕೆಳಗಿನೂರು. ಬೂತಪ್ಪನದು ಮೇಲಿನೂರು. ಮೇಲಿನೂರಿನಲ್ಲಿ ಸಿಡುಬು ಕಂಡರೆ ಕುಕ್ಕೆಗೆ ಬೇವು, ಬಳೆ, ಅರಿಶಿನದ ಅನ್ನ, ಸತ್ತವರ ಹೊದಿಕೆ ತುಂಬಿ ಹಳ್ಳದಾಚೆ ಇಟ್ಟು ಬರುತ್ತಿದ್ದರು. ಕೆಳಗಿನೂರಿನವರು ಅದನ್ನು ತಮ್ಮ ಆಚೆಯ ಗಡಿಗೆ ಸಾಗಿಸಬೇಕು. ರೋಗವನ್ನು ನೆರೆಯವರ ಬಾಗಿಲಿಗೆ ಎಸೆದು ಕೈಮುಗಿಯುವ ಇದನ್ನು ಭಕ್ತಿ ಎನ್ನುತ್ತಿದ್ದರು. ಬೂತಪ್ಪ ಎರಡು ಸಲ ಹೊತ್ತಿದ್ದ. ಎರಡನೆಯ ಸಲ ತಾನಿಟ್ಟ ಕಂಬಳಿ ಕೆಳಗಿನೂರಿನ ದನ ಕಾಯುವವನ ಹೆಗಲ ಮೇಲಿದ್ದುದನ್ನು ಕಣ್ಣಾರೆ ಕಂಡ. ತಿಂಗಳೊಳಗೆ ಆ ಮನೆಯಲ್ಲಿ ನಾಲ್ವರು ಸತ್ತರು.

೧೯೪೩ರಲ್ಲಿ ಮೇಲಿನೂರಿನ ಪಟೇಲ ವೀರಪ್ಪನ ತಮ್ಮ ಸಿಡುಬಿನಿಂದ ಸತ್ತ. ಆ ಹೊತ್ತಿಗೆ ಬೂತಪ್ಪನ ಮಗಳು ಕಮಲಕ್ಕ ಕೆಳಗಿನೂರಿನ ಸೊಸೆ. ಹಳ್ಳ ದಾಟಿದರೆ ಮೊದಲು ಸಿಗುವುದೇ ಅವಳ ಮನೆ. ತೊಟ್ಟಿಲಲ್ಲಿ ಮೂರು ತಿಂಗಳ ಕೂಸು.

"ಅಯ್ಯಾ, ಕಂಬ್ಳಿ ಒಂದು ಬ್ಯಾಡ. ಸುಟ್ಟಾಕನ. ಉಳಿದಿದ್ದು ಹೊರ್ತೀನಿ," ಎಂದ ಬೂತಪ್ಪ.

"ಅಮ್ಮನ ಸೊತ್ತು ಸುಡಾದಾ? ನಿನ್ನ ಮೊಮ್ಮಗ ಉಳೀಲಿ, ನಮ್ಮೂರು ಹಾಳಾಗ್ಲಿ ಅಂತಲಾ?" ವೀರಪ್ಪ ಗದರಿದ. "ಹೊರು. ಇಲ್ದಿದ್ರೆ ಗುಡ್ಲು ಕಿತ್ಕಂಡು ಹೊರಡು."

ಬೂತಪ್ಪ ಹೊತ್ತ. ಊರಿನವರು ತಮಟೆ ಬಡಿಯುತ್ತ ಹಿಂದೆ ಬಂದರು. ಬೇಸಿಗೆಯ ಹಳ್ಳ ಒಣಗಿತ್ತು. ಆಚೆ ದಡದಲ್ಲಿ ದೊಣ್ಣೆ ಹಿಡಿದ ಗುಂಪು, ಎಲ್ಲರಿಗಿಂತ ಮುಂದೆ ಅಳಿಯ ಮಂಜಯ್ಯ.

"ಮಾವ ಅಂತ ನೋಡದಿಲ್ಲ. ಈಚೆ ಕಾಲಿಟ್ರೆ ಮುರೀತೀನಿ!"

"ಮುರೀವಂತೆ ತಡಿ ಮಾರಾಯ. ಎಂತ ಅವಸರ?"

ಬೂತಪ್ಪ ಹಳ್ಳದ ನಡುವೆಯೇ ಕುಕ್ಕೆ ಇಳಿಸಿ, ಒಣಗಿದೆಲೆ ಬಾಚಿ ಅದರ ಸುತ್ತ ಒಟ್ಟಿ ಕಡ್ಡಿ ಗೀರಿದ. ಒಂದು ಕ್ಷಣ ತಮಟೆ ನಿಂತಿತು. ಆಮೇಲೆ ಎರಡೂ ದಡಗಳಿಂದ ಕಲ್ಲು ಬಂದವು. ಹುಲ್ಲುಗಾವಲಿಗೂ ನೀರಿಗೂ ವರ್ಷವಿಡೀ ಬಡಿದಾಡುವ ಎರಡು ಊರುಗಳು ಅಂದು ಒಂದಾದವು. ಉಣ್ಣೆ ಬೇಗ ಉರಿಯುವುದಿಲ್ಲ. ಅದು ನಾರುತ್ತ, ಮುದುಡುತ್ತ ಬೂದಿಯಾಗುವವರೆಗೂ ಬೂತಪ್ಪ ಏಳಲಿಲ್ಲ. ಅಷ್ಟರಲ್ಲಿ ಅವನ ಎಡಗಣ್ಣು ಹೋಗಿತ್ತು.

ಮೇಲಿನೂರಿನವರು ಅವನ ಗುಡಿಸಲು ಕಿತ್ತರು. ಅಮ್ಮನನ್ನು ಸುಟ್ಟವನೆಂದು ಕೆಳಗಿನೂರಿನವರೂ ಒಳಗೆ ಸೇರಿಸಲಿಲ್ಲ. ಹಳ್ಳದ ದಡದ ಪೊದೆ ಕಡಿದು ಜೋಪಡಿ ಹಾಕಿಕೊಂಡು, ಕಾಫಿ ತೋಟದ ಕೂಲಿಗೆ ಹೋಗುತ್ತಿದ್ದ. ಆ ವರ್ಷ ಕೆಳಗಿನೂರಿನಲ್ಲಿ ಸಿಡುಬು ಬರಲಿಲ್ಲ. ಬೂತಪ್ಪನಿಂದ ಉಳಿದೆವು ಎಂದು ಒಬ್ಬರೂ ಹೇಳಲಿಲ್ಲ. ಕಂಕುಳಲ್ಲಿ ಮಗು ಎತ್ತಿಕೊಂಡು ನೀರಿಗೆ ಬರುವ ಕಮಲಕ್ಕ, ಅಪ್ಪನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು.

ಮರುವರ್ಷ ದೇವಿ ಹಾಕುವ ನೌಕರ ಬಂದ. ಮನೆಯಲ್ಲಿ ಮಗುವೇ ಇಲ್ಲವೆಂದಳು ಕಮಲಕ್ಕ. ಅವನು ಪೆಟ್ಟಿಗೆ ಮುಚ್ಚಿ ಹೊರಟಾಗ ಜೋಪಡಿಯಿಂದ ಬೂತಪ್ಪ ಕೂಗಿದ: "ಸ್ವಾಮೀ, ಆ ಮನೇಲಿ ಸೌದೆ ರಾಶಿ ಹಿಂದೆ ನೋಡಿ!"

"ನಿನ್ನ ಇನ್ನೊಂದು ಕಣ್ಣೂ ಇಂಗಿ ಹೋಗ್ಲಿ ಅಪ್ಪಾ!" ಎಂಬ ಮಗಳ ಶಾಪದ ಹಿಂದೆಯೇ, ತೋಳಿಗೆ ಚುಚ್ಚಿಸಿಕೊಂಡ ಮಗುವಿನ ಚೀರಾಟ ಕೇಳಿತು. ಅದು ನಿಲ್ಲುವವರೆಗೂ ಬೂತಪ್ಪ ಕಿವಿಗೊಟ್ಟು ಕುಳಿತಿದ್ದ.